ನೀರು ಎಲ್ಲೈತೆ ಅಂತ ಬರ್ದಿದ್ದೀರಾ?

ಹಂದನಕೆರೆ ದಾಟಿ ಮಣ್ಣುದಾರಿಗೆ ಹೊರಳಿದೊಡನೆ ಎರಡೂ ಕಡೆ ತೆಂಗು. ತೋಟದ ಮನೆಗಳ ದುಬಾರಿ ಬಡಾವಣೆಯೊಂದು ಇಲ್ಲಿ ಏಳಲಿದೆ. ಅದರ ಲೋಗೊ, ಬ್ರೋಷರ್, ಹೋರ್ಡಿಂಗು ನಮ್ಮ ಕೆಲಸ. ಬಡಾವಣೆ ಕಟ್ಟುವ ಕಂಪನಿ ಕಳಿಸಿದ ಕಂಪ್ಯೂಟರ್ ಚಿತ್ರದಲ್ಲಿ ನೀಲಿ ಈಜುಕೊಳವಿದೆ, ಹುಲ್ಲುಹಾಸಿದೆ, ಕಾಯಿಯೇ ಬಿಡದ ಅಲಂಕಾರದ ಮರಗಳಿವೆ. ತಲೆ ಎತ್ತಿದರೆ ಕಾಣುವುದು ತಿಪಟೂರು ಟಾಲ್ ತಳಿಯ ತುಂಬು ಗೊನೆ. ಕೆಳಗರಿಗಳನ್ನು ಅಲ್ಲಲ್ಲಿ ಕಪ್ಪುತಲೆ ಹುಳು ತಿಂದು ಒಣಗಿಸಿದೆ.

ಪಕ್ಕದ ತೋಟದ ಅಜ್ಜ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ. "ಬಣ್ಣ ಚೆಂದಾಗೈತಪ್ಪ. ನೀರು ಎಲ್ಲೈತೆ ಅಂತ ಬರ್ದಿದ್ದೀರಾ?"

ಬರೆದಿಲ್ಲ ಎನ್ನುತ್ತೇವೆ. ಅವರು ಮನೆಯೊಳಗೆ ಕರೆದು ಏಣಿ ತೋರಿಸುತ್ತಾರೆ. ಅಟ್ಟದ ತುಂಬ ಕಾಯಿ. ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಗಡಗಡ. ಹತ್ತು ಹನ್ನೆರಡು ತಿಂಗಳು ಇಲ್ಲೇ ಇದ್ದು ನೀರು ಇಂಗಿದೆ, ತಿರುಳು ಕರಟ ಬಿಟ್ಟಿದೆ. ಸುಲಿದು ಒಡೆದರೆ ಕೈಗೆ ಬರುವುದು ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ. ಹೊರಗಿನ ಕಂದು, ಒಳಗಿನ ಬಿಳಿ ಎರಡೂ ಬ್ರೋಷರಿಗೆ ಸಾಕು. ಚಿನ್ನದ ಫಾಯಿಲ್ ಬೇಡ ಎಂದು ಅಟ್ಟದ ಮೇಲೆಯೇ ತೀರ್ಮಾನವಾಗುತ್ತದೆ.

ಈಗ ತುಮಕೂರಿನ ಆಫ್‌ಸೆಟ್ ಪ್ರೆಸ್ಸು. ಬ್ರೋಷರಿನ ಮೊದಲ ಹಾಳೆಗಳು ಶಾಯಿ ಆರುವ ಮುನ್ನವೇ ಮೇಜಿಗೆ ಬರುತ್ತವೆ. ಭೂತಗನ್ನಡಿ ಇಟ್ಟರೆ ತೋಟದ ಫೋಟೊದ ಗರಿ, ಗೊನೆ ಎಲ್ಲ ಕರಗಿ ನಾಲ್ಕು ಬಣ್ಣದ ಚುಕ್ಕಿಗಳಷ್ಟೇ ಉಳಿಯುತ್ತವೆ. ಮೆಜೆಂಟಾ ತುಸು ಹೆಚ್ಚಾಗಿ ಕಂದು ಕೆಂಪಿಗೆ ತಿರುಗಿದೆ. ಮೆಷಿನ್‌ನವರು ಶಾಯಿ ತಗ್ಗಿಸುತ್ತಾರೆ. ಮತ್ತಷ್ಟು ಹಾಳೆ ಓಡಿದ ಮೇಲೆ ಕೊಬ್ಬರಿಗೆ ಅದರ ಬಣ್ಣ ಬರುತ್ತದೆ.

ಅಷ್ಟರಲ್ಲಿ ಕಂಪನಿಯಿಂದ ಫೋನು: "ಒಣಗಿದ ಗರಿ ತೆಗೆದುಬಿಡಿ ಸಾರ್, ಈಜುಕೊಳ ಮುಖಪುಟಕ್ಕೆ ಹಾಕಿ." ಅನುಮೋದನೆಯಾದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸುತ್ತೇವೆ. ಅದರಲ್ಲಿ ಈಜುಕೊಳವೇ ಇಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾದ 12ನೇ ಕಲಂ ಓದಿ ಹೇಳುತ್ತೇವೆ: ಜಾಹೀರಾತಿನ ಸುಳ್ಳು ಮಾತು ನಂಬಿ ಹಣ ಕಟ್ಟಿ ನಷ್ಟವಾದವರಿಗೆ ಪರಿಹಾರ ಕೊಡಬೇಕು, ಯೋಜನೆಯೇ ಬೇಡವೆಂದು ಹಿಂದೆ ಸರಿದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸು ಮಾಡಬೇಕು. 11ನೇ ಕಲಮಿನಂತೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣಬೇಕು. ಆ ಕಡೆ ದನಿ ತಗ್ಗುತ್ತದೆ.

ಈಜುಕೊಳ ಹೋಯಿತು. ಗರಿ ಇದ್ದಂತೆಯೇ ಇದೆ. ನಡುಪುಟದಲ್ಲಿ ಬೋರ್‌ವೆಲ್ಲಿನ ಆಳ, ಭೂಪರಿವರ್ತನೆ ಆದೇಶ, ನೋಂದಣಿ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗುತ್ತಿವೆ. ಜೀವಮಾನದ ಉಳಿತಾಯ ಹಾಕುವವರು ಈ ಪುಟ ಹಿಡಿದು ತೋಟಕ್ಕೆ ಬರಲಿ, ಸಾಲುಸಾಲಾಗಿ ತಾಳೆ ನೋಡಲಿ. ಆ ಪರೀಕ್ಷೆಗೆ ನಿಲ್ಲುವ ಬ್ರೋಷರನ್ನೇ ನಾನು ಐಷಾರಾಮಿ ಎಂದು ಕರೆಯುವುದು.