ಗೇಟು ಮುಚ್ಚಿದ ರಾತ್ರಿ

ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಹೊರಟಿದ್ದೀರಾ? ಗಡಿಯಾರ ನೋಡಿಕೊಳ್ಳಿ. ಬಂಡೀಪುರದ ಕಾಡುರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕೆಲವು ಬಸ್ಸು, ತುರ್ತು ವಾಹನಗಳಿಗಷ್ಟೇ ವಿನಾಯಿತಿ.

ಮಾವನ ತೋಟ ಕಾಯಲು ಎರಡು ನಾಯಿಗಳನ್ನು ಒಯ್ಯುತ್ತಿದ್ದ ನಾವೂ ಲೆಕ್ಕ ಹಾಕಿಯೇ ಹೊರಟಿದ್ದೆವು. ನಂಜನಗೂಡು ದಾಟುತ್ತಲೇ ಒಂದು ನಾಯಿ ನಾಲಗೆ ಚಾಚಿ ಏದುಸಿರು ಬಿಡತೊಡಗಿತು. ನಿಲ್ಲಿಸಿದರೆ ಗೇಟು ತಪ್ಪುತ್ತದೆ, ಕಾಡಿನೊಳಗಂತೂ ನಿಲ್ಲಿಸುವಂತಿಲ್ಲ. ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ನಾಯಿಯ ದಾಹ ತಣಿಸಿದವನನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನು ಮಗಳು ಮದ್ರಸದಲ್ಲಿ ಕಲಿತಿದ್ದಳು. "ನಮ್ಮಲ್ಲಿ ಬಾಟಲಿಯೇ ಇದೆಯಲ್ಲ ಅಬ್ಬಾ" ಎಂದಳು.

ನಿಲ್ಲಿಸಿದೆವು. ನೀರು ಕುಡಿಸಿ, ಮೈ ಒದ್ದೆ ಮಾಡಿ, ಉಸಿರು ಹದಕ್ಕೆ ಬರುವವರೆಗೆ ಕಾದೆವು. ಗುಂಡ್ಲುಪೇಟೆ ತಲುಪುವಾಗ ಒಂಬತ್ತೂವರೆ. ಲಾಡ್ಜಿನಲ್ಲಿ ನಾಯಿಗಳಿಗೆ ಜಾಗವಿಲ್ಲ (ಅವರದೂ ತಪ್ಪಲ್ಲ ಬಿಡಿ). ಕಿಟಕಿ ಇಳಿಸಿ ಕಾರಿನಲ್ಲೇ ಮಲಗಿದೆವು.

ಸುಬ್ಹಿ ನಮಾಝ್ ಮುಗಿಸಿ ಆರಕ್ಕೆ ಹೊರಟಾಗ ರಸ್ತೆಬದಿಯಲ್ಲಿ ಜಿಂಕೆಗಳ ಹಿಂಡು. ನಾಯಿಗಳಿಗೆ ಅದರ ಪರಿವೆಯಿಲ್ಲ. ಹಿಂದಿನ ಸೀಟಿನಲ್ಲಿ ಗಾಢ ನಿದ್ದೆ.