ಹರಳೆಣ್ಣೆಯ ಕಂಬ

ನಮ್ಮ ಹೋಟೆಲಿನ ಸ್ಟೋರ್ ರೂಮಿನಲ್ಲಿ, ಉದ್ದಿನಬೇಳೆ ಮೂಟೆಗಳ ಹಿಂದೆ, ಒಂದು ಕಂಬ ಮಲಗಿದೆ. ಅಪ್ಪಟ ಬೀಟೆ. ಬುಡದಲ್ಲಿ ಎರಡು ಗೇಣಿಗೂ ಸಿಗದಷ್ಟು ದಪ್ಪ, ಮೇಲೆ ಹೋದಂತೆ ಸಪೂರ, ಕುತ್ತಿಗೆಯಲ್ಲಿ ಒಂದು ಹಿಡಿ, ತುದಿಯಲ್ಲಿ ಗುಂಡನೆಯ ಬೊಂಡು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನು ಒನಕೆ ಅಂದುಕೊಂಡಿದ್ದ. ಇಷ್ಟುದ್ದದ ಒನಕೆಯಲ್ಲಿ ಕುಟ್ಟುವವಳು ಯಾರೋ ಮಾರಾಯ, ಅಂತ ಅಡಿಗೆಭಟ್ಟರು ದಿನವಿಡೀ ನಕ್ಕರು.

ಅದು ಮಲ್ಲಕಂಬ. ಇಲ್ಲಿ ಮುಂಬಯಿಯವರ ಬಾಯಲ್ಲಿ ಮಲ್ಲಖಾಂಬ. ದಾದರ್‌ನಲ್ಲಿ ನಾನು ಕಳೆದ ಐವತ್ತು ಚಿಲ್ಲರೆ ವರ್ಷಗಳಲ್ಲಿ ಗಲ್ಲೆಯ ಮುಂದೆ ಕೂತು ಸಂಪಾದಿಸಿದ್ದು ಎಷ್ಟೋ, ಈ ಕಂಬದ ಮೇಲೆ ತೊಡೆ ಸುಲಿಸಿಕೊಂಡು ಸಂಪಾದಿಸಿದ್ದೂ ಅಷ್ಟೇ.

1971ರ ಜೂನ್‌ನಲ್ಲಿ ಕಾರ್ಕಳದ ಕಡೆಯಿಂದ ಸೋದರಮಾವನ ಜೊತೆ ಬಂದೆ. ಕೊಂಕಣ ರೈಲಿನ ಕನಸೂ ಯಾರಿಗೂ ಬೀಳದ ಕಾಲ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ಬಂದಿಳಿದೆ. ಹನ್ನೆರಡು ವರ್ಷ. ಹಗಲು ಮೋರಿಯಲ್ಲಿ ಲೋಟ ತೊಳೆಯುವುದು, ರಾತ್ರಿ ಕನ್ನಡ ನೈಟ್ ಸ್ಕೂಲು. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲಿಗೆ ಬಿಡುವು. ಆ ಎರಡು ಗಂಟೆಯಲ್ಲಿ ಹುಡುಗರು ಪ್ಲಾಜಾ ಟಾಕೀಸಿನ ಪೋಸ್ಟರ್ ನೋಡಿಕೊಂಡು ಹಾಳಾಗುತ್ತಾರೆಂದು ಮಾವನಿಗೆ ಹೆದರಿಕೆ. ಹಿಂದಿನ ಗಲ್ಲಿಯ ಚಾಳಿನಲ್ಲಿದ್ದ ತಾಲೀಮಿಗೆ, ಅಂದರೆ ಗರಡಿಗೆ, ನನ್ನನ್ನು ಕರಕೊಂಡು ಹೋಗಿ ಒಪ್ಪಿಸಿಬಿಟ್ಟರು. ಫೀಸಿಲ್ಲ. ಶನಿವಾರ ಮಾರುತಿಗೆ ಒಂದು ತೆಂಗಿನಕಾಯಿ, ಅಷ್ಟೆ.

ಆ ತಾಲೀಮಿನ ವಸ್ತಾದರು ಗಿರಣಿಯಲ್ಲಿ ಮಗ್ಗ ನೋಡುವವರು. ಮೊದಲ ಪಾಳಿ ಮುಗಿಸಿ ಮೂರೂವರೆಗೆ ಬರುತ್ತಿದ್ದರು, ರೆಪ್ಪೆಯ ಮೇಲೆ ಹತ್ತಿಯ ಧೂಳು ಹಾಗೇ ಇರುತ್ತಿತ್ತು. ನಮ್ಮ ಪಾಠದ ವೇಳೆಯನ್ನು ಗೊತ್ತುಮಾಡುತ್ತಿದ್ದುದು ಗಡಿಯಾರವಲ್ಲ, ಗಿರಣಿಯ ಭೋಂಗಾ, ಅಂದರೆ ಸೈರನ್.

ಮೊದಲ ದಿನ ಅವರು ಕಂಬ ತೋರಿಸಿ "ಆಧೀ ಅಢೀ" ಅಂದರು. ಆಧೀ ಅಂದರೆ ಮರಾಠಿಯಲ್ಲಿ ಮೊದಲು. ಅಢೀ ಅಂದರೆ ಮಲ್ಲಕಂಬದ ಮೊದಲ ಹಿಡಿತ: ಕೈಯಲ್ಲಿ ಕಂಬ ಹಿಡಿದು, ನೆಗೆದು, ತಲೆ ಕೆಳಗಾಗಿ, ತೊಡೆಗಳ ನಡುವೆ ಕಂಬವನ್ನು ಕಚ್ಚಿಕೊಳ್ಳುವುದು. ನನ್ನ ಕಿವಿಗೆ ಬಿದ್ದದ್ದು ಮಾತ್ರ "ಅಡಿ, ಅಡಿ". ಹೋಗಿ ಕಂಬದ ಅಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ತಾಲೀಮಿಗೆ ತಾಲೀಮೇ ಬಿದ್ದು ಬಿದ್ದು ನಕ್ಕಿತು. ಮುಂದೆ ಹತ್ತು ವರ್ಷ ಅಲ್ಲಿ ನನ್ನ ಹೆಸರು ಅಡಿ.

ಮೂರು ತಿಂಗಳು ಅದೊಂದೇ. ಹತ್ತು, ಕಚ್ಚು, ಇಳಿ. ಹತ್ತಿದ್ದನ್ನು ವಸ್ತಾದರು ನೋಡುತ್ತಲೇ ಇರಲಿಲ್ಲ. ಇಳಿಯುವಾಗ ಮಾತ್ರ ತಿರುಗುತ್ತಿದ್ದರು. ಕೆಮ್ಮಣ್ಣಿನ ಮೇಲೆ ಪಾದ ದೊಪ್ಪೆಂದು ಸದ್ದು ಮಾಡಿದರೆ ಆ ಇಡೀ ವರಸೆ ಲೆಕ್ಕಕ್ಕಿಲ್ಲ. ಮತ್ತೆ ಹತ್ತಬೇಕು. ಏರುವುದನ್ನು ಕೋತಿಯೂ ಮಾಡುತ್ತದೆ, ನೀನು ಇಳಿದು ತೋರಿಸು ಅನ್ನುತ್ತಿದ್ದರು. ಬಗಲಿ, ದಸರಂಗ, ಫಿರಕಿ, ಸೂಜಿಗೆ ನೂಲು ಪೋಣಿಸಿದ ಹಾಗೆ ಕೈ ಕಂಬಗಳ ಸಂದಿಯಲ್ಲಿ ಮೈಯನ್ನೇ ತೂರಿಸುವ ಸುಯಿದೋರಾ, ಇವೆಲ್ಲ ಬಂದದ್ದು ಎರಡನೆಯ ವರ್ಷಕ್ಕೆ.

ಕಂಬದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ನೆಲದ ಮೇಲೆ ಎಂಟೂವರೆ ಅಡಿ, ಹೂತ ಭಾಗ ಬೇರೆ. ಬೀಟೆಯ ಎಳೆ ಒತ್ತೊತ್ತಾಗಿರುತ್ತದೆ, ಸಿಬಿರು ಏಳುವುದಿಲ್ಲ, ವರ್ಷಗಟ್ಟಲೆ ಕುಡಿದ ಹರಳೆಣ್ಣೆಯಿಂದ ಎಮ್ಮೆಯ ಮೈಯ ಹಾಗೆ ಕಪ್ಪಗೆ ಮಿರುಗುತ್ತದೆ. ತೇಗ ಹಗುರ, ನೋಡಲೂ ಚೆಂದ, ಆದರೆ ತೊಡೆಗೆ ಅದು ಬೇರೆಯೇ. ತೇಗದ ಕಂಬ ಯಾವಾಗಲೂ ನೆಂಟರ ಮನೆ. ಬೀಟೆ ಸ್ವಂತ ಮನೆ. ಈಗ ಬೀಟೆ ಎಲ್ಲಿ ಸಿಗಬೇಕು? 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟಳೆಗೆ ಒಳಪಟ್ಟಿದೆ. ಕಾಡಿನ ದೃಷ್ಟಿಯಿಂದ ಅದು ಸರಿಯೇ, ತಕರಾರಿಲ್ಲ. ನಾನು ಹೇಳುವುದು ತೊಡೆಯ ದೃಷ್ಟಿಯಿಂದ.

ಎಣ್ಣೆ ಹಚ್ಚುವುದು ಒಂದು ವಿದ್ಯೆ. ಊರಿನಲ್ಲಿ ಅಮ್ಮ ತಿಂಗಳಿಗೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ ಇಲ್ಲಿ ಎರಂಡೇಲ ಎಂಬ ಹೆಸರಿನಲ್ಲಿ ಗುರುಸ್ಥಾನದಲ್ಲಿತ್ತು. ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಕುತ್ತಿಗೆಯಿಂದ ಬುಡದವರೆಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಧೋತರದ ತುಂಡಿನಿಂದ ಒರೆಸಬೇಕು. ಹೆಚ್ಚಾದರೆ ಜಾರಿ ಬೀಳುತ್ತೀರಿ. ಕಡಿಮೆಯಾದರೆ ಚರ್ಮ ಕಂಬದಲ್ಲೇ ಉಳಿಯುತ್ತದೆ. ಆಷಾಢದಲ್ಲಿ ಮುಂಬಯಿಯ ಗಾಳಿಯೇ ಒದ್ದೆ, ಎಣ್ಣೆ ಜಿಗುಟಾಗುತ್ತದೆ, ಆಗ ಒಂದು ಚಿಟಿಕೆ ರಾಳದ ಪುಡಿ ಬೇಕು. ಇದಕ್ಕೆಲ್ಲ ಅಳತೆಯಿಲ್ಲ. ವಸ್ತಾದರು ಕಂಬಕ್ಕೆ ಕೆನ್ನೆ ತಾಗಿಸಿ ನೋಡಿ, ಸಾಕು ಅನ್ನುತ್ತಿದ್ದರು. ನಮ್ಮ ಅಡಿಗೆಭಟ್ಟರು ದೋಸೆಯ ಹಂಚಿಗೆ ನೀರು ಚಿಮುಕಿಸಿ ಸದ್ದು ಕೇಳಿದ ಹಾಗೆ.

ಭಾನುವಾರ ಸಂಜೆ ರಜೆ ಸಿಕ್ಕರೆ ಶಿವಾಜಿ ಪಾರ್ಕಿಗೆ ಓಟ. 1925ರಲ್ಲಿ ಮಾಹೀಮ್ ಪಾರ್ಕ್ ಎಂಬ ಹೆಸರಿನಲ್ಲಿ ತೆರೆದ ಮೈದಾನ ಅದು, ಎರಡು ವರ್ಷದ ಮೇಲೆ ಶಿವಾಜಿಯ ಹೆಸರು ಬಂತು. ಊರೆಲ್ಲ ಅಲ್ಲಿ ಕ್ರಿಕೆಟ್ ನೋಡುತ್ತಿದ್ದರೆ ನಾನು ಬೆನ್ನು ತಿರುಗಿಸಿ ಸಮರ್ಥ ವ್ಯಾಯಾಮ ಮಂದಿರದ ಬೇಲಿ ಹಿಡಿದು ನಿಲ್ಲುತ್ತಿದ್ದೆ. ಅಲ್ಲಿಯ ಹುಡುಗರ ಸಲಾಮಿ ನೋಡಬೇಕು. ಕಂಬಕ್ಕೆ ನಮಸ್ಕಾರ ಮಾಡುತ್ತಲೇ ಮೇಲೇರಿ ಬಿಡುತ್ತಿದ್ದರು. ನಮ್ಮದು ಗಲ್ಲಿಯ ತಾಲೀಮು, ಅವರದು ದೊಡ್ಡ ಶಾಲೆ. ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾದೀತು.

ಮರಾಠಿ ಗೆಳೆಯರಿಗೆ ಇದು ಪೇಶವೆಯರ ವಿದ್ಯೆ. ಎರಡನೆಯ ಬಾಜಿರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು ಇದನ್ನು ಬೆಳೆಸಿದರು, ಮಂಗಗಳ ಚಲನೆ ನೋಡಿ ಅವರಿಗೆ ಹೊಳೆಯಿತು ಎಂಬ ಕತೆಯನ್ನು ಪ್ರತಿ ತಾಲೀಮಿನಲ್ಲೂ ಹೇಳುತ್ತಾರೆ. ಹೇಳಲಿ, ದೇವಧರರ ಋಣ ದೊಡ್ಡದೇ. ಆದರೆ ಪೇಶವೆಯರಿಗಿಂತ ಆರೇಳು ನೂರು ವರ್ಷ ಹಿಂದೆಯೇ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮಲ್ಲರ ಕಂಬದ ಕಸರತ್ತಿನ ಮಾತು ಬರೆದಿದ್ದಾನೆ. ಇದನ್ನು ನಾನು ಹೇಳಿದಾಗಲೆಲ್ಲ ಅವರು, ಕಲ್ಯಾಣವೇ, ಸೆಂಟ್ರಲ್ ಲೈನಿನದೇ, ಫಾಸ್ಟ್ ಗಾಡಿ ನಿಲ್ಲುತ್ತದಲ್ಲ, ಅನ್ನುತ್ತಾರೆ. ಬಸವಕಲ್ಯಾಣಕ್ಕೆ ದಾದರ್‌ನಿಂದ ಲೋಕಲ್ ಇಲ್ಲವೆಂದು ಎಷ್ಟು ಸಲ ಹೇಳುವುದು!

1978ರ ಗಣಪತಿಗೆ ಒಂದು ಮಂಡಳಿಯವರು ನಮ್ಮ ಪ್ರದರ್ಶನ ಇಟ್ಟಿದ್ದರು. ಹೂಳಲು ನೆಲವಿಲ್ಲ, ಮರದ ಸ್ಟೇಜು. ಕಂಬವನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ನಿಲ್ಲಿಸಿದರು. ಮೇಲೆ ಬೊಂಡಿನ ಮೇಲೆ ನಾನು ನಿಂತಾಗ ಕಂಬ ಒಂದು ಬೆರಳಿನಷ್ಟು ವಾಲಿತು. ಬುಡದಲ್ಲಿ ಒಂದು ಬೆರಳಾದರೆ ತುದಿಯಲ್ಲಿ ಒಂದು ಗೇಣು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ವಸ್ತಾದರು ಪಟ್ಟಿ ಹಾಕಿದ ಕೈಯನ್ನು ನೋಡಲೇ ಇಲ್ಲ. ಯಾವ ಕಾಲು ಮೊದಲು ನೆಲಕ್ಕೆ ತಾಗಿತು ಅಂತ ಕೇಳಿದರು. ಸಿಟ್ಟು ಬಂದಿತ್ತು. ಮಳೆಗಾಲದಲ್ಲಿ ಆ ಮಣಿಕಟ್ಟು ಇವತ್ತಿಗೂ ಮಾತಾಡುತ್ತದೆ, ಸಿಟ್ಟು ಮಾತ್ರ ಹೋಗಿದೆ.

1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಮುಗಿಯಿತು ಎಂದು ಯಾರೂ ಹೇಳದೆಯೇ ಮುಗಿದುಹೋದ ಮುಷ್ಕರ ಅದು. ಭೋಂಗಾ ನಿಂತಿತು. ಮೊದಲ ಕೆಲವು ತಿಂಗಳು ತಾಲೀಮಿಗೆ ಹಿಂದೆಂದೂ ಇಲ್ಲದಷ್ಟು ಜನ, ಎಲ್ಲರಿಗೂ ಹೊತ್ತೇ ಹೊತ್ತು. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. ವಸ್ತಾದರು ತರಕಾರಿ ಕೈಗಾಡಿ ಇಟ್ಟರು. ಕೊನೆಗೆ ಸಾತಾರಾ ಕಡೆಯ ಊರಿಗೆ ಹೋದರು. ಹೋಗುವ ಮುನ್ನ ಹೋಟೆಲಿಗೆ ಬಂದು ಮಾವನೊಡನೆ ಚಹಾ ಕುಡಿದು, ಕಂಬಕ್ಕೆ ಎಣ್ಣೆ ಮರೆಯಬೇಡ ಅಂತ ನನಗೆ ಹೇಳಿದರು. ಆಗ ನನಗೆ ಇಪ್ಪತ್ತಮೂರು, ಗಲ್ಲೆಗೆ ಬಡ್ತಿ ಸಿಕ್ಕಿತ್ತು.

ಗಿರಣಿಗಳು ನಿಂತಲ್ಲಿ ಒಂದೊಂದಾಗಿ ಗಾಜಿನ ಗೋಪುರ ಎದ್ದವು. ಚಾಳು ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸ ಕಟ್ಟಡದ ನಕ್ಷೆಯಲ್ಲಿ ಮಾರುತಿಗೆ ಗೇಟಿನ ಬಳಿ ನಾಲ್ಕಡಿ ಜಾಗ ಸಿಕ್ಕಿತು, ತಾಲೀಮಿನ ಜಾಗದಲ್ಲಿ ಕಾರ್ ಪಾರ್ಕಿಂಗ್. ಕಂಬವನ್ನು ಅಗೆದು ಹೊರಗೆ ಒರಗಿಸಿದ್ದರು. ಮುಕಾದಮನಿಗೆ ಹೇಳಿ ನಾಲ್ಕು ಜನರ ಹೆಗಲ ಮೇಲೆ ಹೊರಿಸಿ ತಂದೆ. ದಾರಿಯಲ್ಲಿ ಒಬ್ಬ ಮುದುಕ ಹೆಣವೆಂದು ತಿಳಿದು ಟೊಪ್ಪಿ ತೆಗೆದ.

ಈಗ ಕಲಿಸುವ ರೀತಿಯ ಬಗ್ಗೆ ನನ್ನಂಥವರು ಬಾಯಿ ತೆರೆದರೆ ಮಕ್ಕಳು ಓಡಿಹೋಗುತ್ತಾರೆ, ಗೊತ್ತು. ಆದರೂ ಹೇಳುತ್ತೇನೆ. ಕಂಬದ ಕೆಳಗೆ ದಪ್ಪ ಗಾದಿ ಬಂದದ್ದು ಬಹಳ ಒಳ್ಳೆಯದಾಯಿತು. ನಮ್ಮ ಕಾಲದ ಎಷ್ಟೋ ಒಳ್ಳೆಯ ಹುಡುಗರು ಒಂದು ಕೆಟ್ಟ ಬೀಳಿನಿಂದ ಕಳೆದುಹೋದರು. ಆದರೆ ಅದೇ ಗಾದಿ ಇಳಿಯುವುದನ್ನು ಮರೆಸಿತು. ಮೇಲೆ ಅದ್ಭುತ ಆಸನ ಹಾಕಿದ ಹುಡುಗ ಕೆಳಗೆ ಬರುವಾಗ ಚೀಲ ಬಿದ್ದ ಹಾಗೆ ಬೀಳುತ್ತಾನೆ, ಅಪ್ಪ ಅಮ್ಮ ಮೊಬೈಲಿನಲ್ಲಿ ಅದನ್ನು ಕತ್ತರಿಸಿಬಿಡುತ್ತಾರೆ. ಸ್ಪರ್ಧೆಯಲ್ಲಿ ಒಂದೂವರೆ ನಿಮಿಷ. ಏಳು ವರ್ಷದ ಮಗುವಿಗೆ ಆ ಒಂದೂವರೆ ನಿಮಿಷವನ್ನೇ ಮಗ್ಗಿಯಂತೆ ಬಾಯಿಪಾಠ ಮಾಡಿಸುವ ಕ್ಲಾಸುಗಳಿವೆ. ಮಗ್ಗಿ ಬರುತ್ತದೆ, ಲೆಕ್ಕ ಬರುವುದಿಲ್ಲ. ಮದುವೆ ಮಂಟಪಗಳಲ್ಲಿ, ಕಂಪನಿ ಪಾರ್ಟಿಗಳಲ್ಲಿ ಒಂದೇ ಕಂಬಕ್ಕೆ ಹತ್ತಾರು ಮಂದಿ ಜೋತುಬಿದ್ದು ಗೋಪುರ ಕಟ್ಟುವುದಂತೂ ನನಗೆ ಹಿಡಿಸುವುದಿಲ್ಲ. ಅದಕ್ಕೆ ಗೋಕುಲಾಷ್ಟಮಿಯ ಮೊಸರುಗಡಿಗೆ ಇದೆಯಲ್ಲ.

ಕಂಬದ ಬದಲು ತೂಗುವ ಹಗ್ಗದ ಮೇಲೆ ಮಾಡುವ ಮಲ್ಲಕಂಬದ ಮಾತು ಬಂದರೆ ಮಾತ್ರ ನನ್ನ ಗೊಣಗಾಟ ನಿಲ್ಲುತ್ತದೆ. ಹಿಂದೆ ಅದು ಬೆತ್ತ. ಒಳ್ಳೆಯ ಬೆತ್ತ ಸಿಗದಾಗ ಹತ್ತಿಯ ಹಗ್ಗ ಬಂತು. ನಮ್ಮ ತಾಲೀಮಿನಲ್ಲಿ ಒಂದು ಹಗ್ಗ ಮೂಲೆಯಲ್ಲಿ ತೂಗುತ್ತಿತ್ತು, ನಾವು ಅದನ್ನು ಲೆಕ್ಕಕ್ಕಿಟ್ಟವರಲ್ಲ. ಹೆಣ್ಣುಮಕ್ಕಳಂತೂ ಹೊಸ್ತಿಲ ಒಳಗೆ ಬರುವಂತಿರಲಿಲ್ಲ. ಈಗ ಶಿವಾಜಿ ಪಾರ್ಕಿನಲ್ಲಿ ನಿಂತು ನೋಡಿ. ಕಾಲ್ಬೆರಳ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡು, ಒಂದೂ ಗಂಟು ಹಾಕದೆ, ಮೇಲೆ ಪದ್ಮಾಸನ ಹಾಕಿ ಕೂರುವ ಹುಡುಗಿಯರು. ಮಲ್ಲಕಂಬಕ್ಕೆ ಮೊದಲ ಅರ್ಜುನ ಪ್ರಶಸ್ತಿ ತಂದವಳು ಹಿಮಾನಿ ಪರಬ್, ಮುಂಬಯಿಯದೇ ಹುಡುಗಿ. ನಮ್ಮ ಬಾಗಲಕೋಟೆಯ ತುಳಸಿಗೇರಿಯ ಮಕ್ಕಳೂ ಈ ವಿದ್ಯೆಯಲ್ಲಿ ಹೆಸರು ಮಾಡಿದ್ದಾರೆ. 2023ರಲ್ಲಿ ಛತ್ತೀಸಗಢದ ಅಬೂಝಮಾಡದ ಕಾಡಿನ ಹುಡುಗರು ಇಂಡಿಯಾಸ್ ಗಾಟ್ ಟ್ಯಾಲೆಂಟ್ ಗೆದ್ದ ರಾತ್ರಿ ಹೋಟೆಲಿನ ಟೀವಿ ಮುಂದೆ ಗಿರಾಕಿಗಳ ಜೊತೆ ನಾನೂ ನಿಂತು ಚಪ್ಪಾಳೆ ತಟ್ಟಿದೆ. ಟೀವಿ ಷೋಗಳನ್ನು ಬಯ್ಯುವ ಹಕ್ಕು ಅಂದಿನಿಂದ ಅರ್ಧ ಹೋಯಿತು.

2019ರ ಫೆಬ್ರವರಿಯಲ್ಲಿ ಅದೇ ಪಾರ್ಕಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹದಿನೈದು ದೇಶ. ಇದರ ಹಿಂದೆ ಓಡಾಡಿದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ದಾದರ್ ಪಶ್ಚಿಮವೆಲ್ಲ ತನಗೇ ಬಂದಂತೆ ಬೀಗಿತು. ಕಣ್ಣು ಕಾಣದ ಮಕ್ಕಳಿಗೂ ಕಂಬ ಕಲಿಸಿದವರು ಅವರು. ಯೋಚಿಸಿ ನೋಡಿದರೆ ಸರಿಯೇ, ಇದು ಕಣ್ಣಿನಿಂದ ಕಲಿಯುವ ವಿದ್ಯೆಯಲ್ಲ. ಚಾಂಪಿಯನ್‌ಷಿಪ್ಪಿನ ಆ ಎರಡು ದಿನ ನಾನು ಗಲ್ಲೆ ಮಗನಿಗೆ ಬಿಟ್ಟು ಬಿಸಿಲಲ್ಲಿ ಕೂತಿದ್ದೆ. ಹೊರದೇಶದ ಒಬ್ಬ ಹುಡುಗ, ಏರುವಾಗ ತಡವರಿಸಿದ, ಅಢಿಯೂ ಸಡಿಲ, ಅಂಕ ಹೆಚ್ಚು ಬಂದಿರಲಾರದು. ಇಳಿದ ಮಾತ್ರ ಬೆಕ್ಕಿನ ಹಾಗೆ. ಪಕ್ಕದವರು ಸುಮ್ಮನಿದ್ದರು, ನಾನೊಬ್ಬನೇ "ವಾಹ್" ಅಂದು ತಿರುಗಿ ನೋಡಿಸಿಕೊಂಡೆ.

ತಮ್ಮನ ಮೊಮ್ಮಗಳು ಈಗ ವಾರಕ್ಕೆ ನಾಲ್ಕು ದಿನ ಹಗ್ಗಕ್ಕೂ ಕಂಬಕ್ಕೂ ಹೋಗುತ್ತಾಳೆ. ಕಳೆದ ದಸರೆಗೆ ಆಯುಧಪೂಜೆಯೆಂದು ಗ್ರೈಂಡರಿಗೂ ತಕ್ಕಡಿಗೂ ಕುಂಕುಮ ಹಚ್ಚಿ, ಎಂದಿನಂತೆ ಸ್ಟೋರ್ ರೂಮಿನ ಕಂಬಕ್ಕೆ ಎಣ್ಣೆ ಸವರುತ್ತಿದ್ದೆ. ಅವಳೂ ಬಂದು ಕೆನ್ನೆ ತಾಗಿಸಿದಳು. ಆಮೇಲೆ ಶಾಲೆಯ ಟೇಪು ತಂದು ಕಂಬವನ್ನು ಅಳೆದಳು.

"ದೊಡ್ಡಜ್ಜ, ಇದರ ಕುತ್ತಿಗೆ ದಪ್ಪ ಆಯ್ತು. ಸ್ಪರ್ಧೆಗೆ ಆಗೋದಿಲ್ಲ."

"ಪ್ರಾಕ್ಟೀಸಿಗೆ?"

"ಪ್ರಾಕ್ಟೀಸಿಗೂ ಬೇಡ ಅಂತಾರೆ ಸರ್. ಕೈಗೆ ತಪ್ಪು ಅಳತೆ ಅಭ್ಯಾಸ ಆಗ್ತದಂತೆ."

ಅವಳ ಸರ್ ಹೇಳಿದ್ದು ಸರಿ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮೂಟೆಗಳನ್ನು ಮತ್ತೆ ಒಟ್ಟಿದೆವು.

ಹಳೆಯ ಮರ ಕೊಳ್ಳುವ ಬಡಗಿಯೊಬ್ಬ ಎರಡು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದಾನೆ. ಇಂಥ ಬೀಟೆ ಈಗ ಇಲ್ಲ ಶೇಟ್, ನಾಲ್ಕು ಕುರ್ಚಿಯ ಕಾಲು ಬರುತ್ತವೆ ಅನ್ನುತ್ತಾನೆ. ಕಳೆದ ವಾರವೂ ಬಂದಿದ್ದ. ಕೂರಿಸಿ, ಒಂದು ಕಟಿಂಗ್ ಚಹಾ ಕುಡಿಸಿ, ಮುಂದಿನ ವರ್ಷ ಬಾ ಅಂದೆ.