ನಡೆಯುವ ಹೆಣವೂ ನಗುವ ಮನೆಯೂ

ಸಂಸ್ಕೃತ ಕಲಿಸಿ ನಿವೃತ್ತಿ ಹೊಂದಿದ ಹಳ್ಳಿಯ ಶಿಕ್ಷಕರಿಗೆ, ಹೆಣಗಳು ಎದ್ದು ನಡೆದಾಡುವ ವಿನೋದದ ಚಲಚ್ಚಿತ್ರಗಳ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕೇಳುವದು ಯೋಗ್ಯವೇ ಸರಿ. ಆದರೆ ಚಿತ್ರ ನೋಡಲು ಪಾಲಬಾವಿಯನ್ನು ಬಿಟ್ಟು ಪೇಟೆಯ ಊರಿಗೆ ಹೋಗಬೇಕೆಂಬ ನಿರ್ಬಂಧವು ಈಗ ಉಳಿದಿಲ್ಲ. ಅದು ಮೊಬೈಲಿನೊಳಗಿಂದ ತಾನಾಗಿಯೇ ನಡುಮನೆಗೆ ಬಂದು ಕುಳಿತಿರುವದು. ಮನೆಗೆ ಬಂದವನ ಊರು-ಹೆಸರುಗಳನ್ನು ವಿಚಾರಿಸುವದು ಗೃಹಸ್ಥನ ಕರ್ತವ್ಯವಷ್ಟೆ. ರಜೆಗೆ ಬಂದ ಮೊಮ್ಮಕ್ಕಳೊಡನೆ ನಾವು ಇಂಥ ಕೆಲವು ಚಿತ್ರಗಳನ್ನು ನೋಡಿದೆವು. ಕೆಲವನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕೆಲವು ಅರ್ಧಕ್ಕೇ ಬೇಸರ ತಂದವು. ಈ ಭೇದವು ಏತರಿಂದಾಯಿತೆಂಬದೇ ಇಲ್ಲಿಯ ವಿಚಾರವು.

ಮೊದಲು ಊರು-ಹೆಸರು. ಇಂಥ ಹೆಣಕ್ಕೆ 'ಜೋಂಬಿ' ಎಂದು ಹೆಸರು. ಅದರ ತವರು ಕೆರಿಬಿಯನ್ ಸಮುದ್ರದ ಹೈತಿ ದೇಶವು. ಫ್ರೆಂಚರ ಆಳಿಕೆಯ ಕಾಲದಲ್ಲಿ ಅಲ್ಲಿಯ ಕಬ್ಬಿನ ತೋಟಗಳಲ್ಲಿ, ಆಫ್ರಿಕದಿಂದ ಹಿಡಿದು ತಂದ ಗುಲಾಮರು ದುಡಿದು ದುಡಿದು ಸಾಯುತ್ತಿದ್ದರು. ಸತ್ತ ಮೇಲಾದರೂ ಬಿಡುಗಡೆಯುಂಟೆಂದು ನಂಬಿದವರಿಗೆ, ಮಾಂತ್ರಿಕನೊಬ್ಬನು ತಮ್ಮ ಹೆಣವನ್ನೆಬ್ಬಿಸಿ ಮತ್ತೆ ದುಡಿಸಿಯಾನೆಂಬದಕ್ಕಿಂತ ಘೋರವಾದ ಭಯವು ಮತ್ತಾವದಿದ್ದೀತು? ವಿಲಿಯಂ ಸೀಬ್ರೂಕ್ ಎಂಬ ಅಮೇರಿಕದ ಲೇಖಕನು 1929ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಕಬ್ಬಿನ ಹೊಲದಲ್ಲಿ ದುಡಿಯುವ ಜೋಂಬಿಗಳ ಕಥೆಯನ್ನು ಹೇಳಿದನು. 1932ರ 'ವೈಟ್ ಜೋಂಬಿ' ಚಿತ್ರದಲ್ಲಿ ಅವು ಸಕ್ಕರೆಯ ಗಿರಣಿಯನ್ನು ತಿರುಗಿಸುತ್ತವೆ. ಕಬ್ಬನ್ನೇ ನೆಚ್ಚಿಕೊಂಡ ನಮ್ಮ ರಾಯಬಾಗ ಸೀಮೆಯಲ್ಲಿ, ಹೊತ್ತು ಹುಟ್ಟುವ ಮೊದಲೇ ಕೊಯ್ತಕ್ಕೆ ನಿಂತ ಗ್ಯಾಂಗಿನವರ ದಣಿದ ಮುಖಗಳನ್ನು ಕಂಡವರಿಗೆ ಈ ಕಲ್ಪನೆಯ ತಿರುಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1968ರಲ್ಲಿ ಜಾರ್ಜ್ ರೊಮೆರೊ ಎಂಬ ನಿರ್ದೇಶಕನ ಚಿತ್ರದಲ್ಲಿ ಹೆಣಗಳು ಮಾಂತ್ರಿಕನ ಹಂಗನ್ನು ತೊರೆದು, ಗುಂಪುಗೂಡಿ, ಬದುಕಿದವರನ್ನೇ ತಿನ್ನತೊಡಗಿದವು. ಅಂದ ಮೇಲೆ ಈ ಕಥೆಗಳ ಬೇರಿನಲ್ಲಿರುವದು ನಿಜವಾದ ದುಃಖವು, ನಿಜವಾದ ಅಂಜಿಕೆಯು. ಇದನ್ನು ಮರೆತ ಚಿತ್ರವು ನಗಿಸಲಾರದು.

ಅಂಜಿಕೆಯಿದ್ದಲ್ಲಿ ನಗೆ ಹೇಗೆ ಬಂದೀತು? ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂದು ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ಸ್ಪಷ್ಟವಾಗಿ ಹೇಳಿರುವನು. ಅನುಭವವೂ ಹಾಗೆಯೇ ಇದೆ. ಹಾವು ಕಂಡು ಬೆವರಿದವನಿಗೆ ನಗೆಚಾಟಿಕೆ ರುಚಿಸದು. ಆದರೆ ಇಂಥ ವಿರೋಧಕ್ಕೆ ಪರಿಹಾರವನ್ನು 9ನೆಯ ಶತಮಾನದ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಮೊದಲೇ ತೋರಿಸಿಟ್ಟಿದ್ದಾನೆ. ವಿರೋಧಿಗಳಾದ ಎರಡು ರಸಗಳನ್ನು ಒಬ್ಬನಲ್ಲಿಯೇ ಇಡದೆ ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಿದರೆ ದೋಷವಿಲ್ಲವೆಂಬದು ಅವನ ಮತವು. ಅವನು ಹೇಳಿದ್ದು ಕಾವ್ಯದೊಳಗಿನ ಪಾತ್ರಗಳನ್ನು ಕುರಿತು. ನಾವು ಅದನ್ನು ಒಂದು ಹೆಜ್ಜೆ ಮುಂದೆ ಒಯ್ದು ಹೀಗೆ ಹೇಳುತ್ತೇವೆ: ಭಯವು ಪರದೆಯೊಳಗಿನವನಲ್ಲಿರಲಿ, ನಗೆಯು ನೋಡುವವನಲ್ಲಿರಲಿ. ಪರದೆಯೊಳಗಿನವನು ನಿಜವಾಗಿ ಅಂಜಬೇಕು. ಅವನೇ ಹೆಣವನ್ನು ಕಂಡು ಹಲ್ಲುಕಿರಿದು ನಮ್ಮತ್ತ ಕಣ್ಣು ಮಿಟುಕಿಸಿದನೆಂದರೆ, ಅಂಜಿಕೆಯೂ ಹೋಯಿತು, ನಗೆಯೂ ಹೋಯಿತು.

ಇದಕ್ಕೆ ಒಳ್ಳೆಯ ಉದಾಹರಣೆಯೆಂದರೆ ಎಡ್ಗರ್ ರೈಟ್ ಎಂಬ ಆಂಗ್ಲ ನಿರ್ದೇಶಕನು 2004ರಲ್ಲಿ ತೆಗೆದ 'ಶಾನ್ ಆಫ್ ದಿ ಡೆಡ್'. ಅದರ ನಾಯಕನು ಒಂದು ಮುಂಜಾನೆ ನಿದ್ದೆಗಣ್ಣಿನಲ್ಲಿ ಓಣಿಯ ಅಂಗಡಿಗೆ ಹೋಗಿ ಬರುತ್ತಾನೆ. ಸುತ್ತಲೂ ಹೆಣಗಳು ತೂರಾಡುತ್ತಿವೆ, ನೆಲದ ಮೇಲೆ ರಕ್ತವಿದೆ. ಅವನಿಗೆ ಒಂದೂ ಕಾಣದು. ದಿನವೂ ನಡೆದ ದಾರಿಯನ್ನು ಅವನು ಎಂದೂ ಕಣ್ದೆರೆದು ನೋಡಿದವನಲ್ಲ. ಮುಂದೆ ಹೆಣಗಳು ಹಿತ್ತಲಿಗೆ ಬಂದಾಗ, ಎಸೆಯಲು ಕೈಗೆ ಸಿಕ್ಕ ಗ್ರಾಮೋಫೋನ್ ತಟ್ಟೆಗಳಲ್ಲಿ ಯಾವದನ್ನು ಒಗೆಯಬೇಕು, ಯಾವದನ್ನು ಉಳಿಸಿಕೊಳ್ಳಬೇಕೆಂದು ಗೆಳೆಯರಿಬ್ಬರೂ ವಾದಕ್ಕೆ ನಿಲ್ಲುವರು. ಮೃತ್ಯುವು ಮಾರು ದೂರದಲ್ಲಿರುವಾಗಲೂ ಮನುಷ್ಯನು ತನ್ನ ಚಟವನ್ನು ಬಿಡನು. ಇಲ್ಲಿ ನಗೆ ಹುಟ್ಟುವದು ಬದುಕಿದವನ ಸ್ವಭಾವದಿಂದ. ಹೆಣವು ತನ್ನ ಕೆಲಸವನ್ನು ಗಂಭೀರವಾಗಿಯೇ ಮಾಡುತ್ತಿರುವದು.

"ಅಜ್ಜಾ, ಈ ಹೆಣಾ ಇಷ್ಟ ಸಾವಕಾಶ ನಡೀತಾವಲ್ಲ, ಅವರು ಓಡಿ ಹೋಗಬಾರದ?" ಎಂದು ನಮ್ಮ ಕಿರಿಯ ಮೊಮ್ಮಗನು ಕೇಳಿದನು. ಮರ್ಮವು ಅದರಲ್ಲಿಯೇ ಇದೆ. ಹೆಣವು ಮೆಲ್ಲಗೆ ಬರುವದರಿಂದಲೇ ಮನುಷ್ಯನಿಗೆ ತನ್ನ ಮೂರ್ಖತನವನ್ನು ತೋರಿಸಲು ವೇಳೆ ಸಿಕ್ಕುವದು. ಅದು ಎಲ್ಲಿಯೂ ನಿಲ್ಲದೆ ಬರುವದರಿಂದ ಅಂಜಿಕೆಯು ಉಳಿಯುವದು.

ಇದು ನಮಗೆ ಹೊಸದೇನೂ ಅಲ್ಲ. 11ನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ರಾಜನು ಶ್ಮಶಾನದ ಶಿಂಶಪಾವೃಕ್ಷದಿಂದ ಹೆಣವನ್ನು ಕೆಡವಿದಾಗ ಅದು ನೊಂದಂತೆ ಕೂಗುವದು. ಪಾಪ, ಜೀವವಿದೆಯೆಂದು ಬಗೆದು ರಾಜನು ಕನಿಕರದಿಂದ ಅದರ ಮೈಯನ್ನು ತಿಕ್ಕುವನು; ಆಗ ಅದು ಗಹಗಹಿಸಿ ನಗುವದು! ಹೆಣವು ನಕ್ಕರೆ ನಮಗೆ ಮೈ ಜುಂ ಎನ್ನುವದು. ಹೆಣಕ್ಕೆ ಉಪಚಾರ ಮಾಡಹೋದ ಅರಸನನ್ನು ಕಂಡರೆ ನಗೆ ಬರುವದು. ನಮ್ಮ ದೊಡ್ಡಾಟದಲ್ಲಿಯೂ ರಾಕ್ಷಸನು ಅಬ್ಬರಿಸುತ್ತ ರಂಗಕ್ಕೆ ಬಂದಾಗ ಸಾರಥಿಯು ಅವನ ಊರು-ಹೆಸರು ಕೇಳಿ ಕೆಣಕುವನು. ರಾಕ್ಷಸನು ತನ್ನ ಗತ್ತನ್ನು ಬಿಡದಿದ್ದರೇನೇ ಆ ಹಾಸ್ಯಕ್ಕೆ ಕಳೆ.

ನೆರೆಯ ತೆಲುಗಿನಲ್ಲಿ ಪ್ರಶಾಂತ ವರ್ಮರು 2021ರಲ್ಲಿ ತೆಗೆದ 'ಜೋಂಬಿ ರೆಡ್ಡಿ' ಈ ಪರದೇಶಿ ಹೆಣವನ್ನು ರಾಯಲಸೀಮೆಗೆ ತಂದು ಬಿಟ್ಟಿತು. ಮನೆತನಗಳ ವೈರದಲ್ಲಿ ಮೊದಲೇ ಮಚ್ಚು ಹಿಡಿದು ನಿಂತ ಊರಿಗೆ ಕಚ್ಚುವ ಹೆಣಗಳು ಬಂದರೆ, ಹೆಚ್ಚು ಕಚ್ಚುವವರು ಯಾರೆಂಬ ಪ್ರಶ್ನೆಯು ತಾನಾಗಿಯೇ ಏಳುವದು. ಕನ್ನಡದಲ್ಲಿ 2025ರಲ್ಲಿ ಬಂದ ಜೆ. ಪಿ. ತೂಮಿನಾಡರ 'ಸು ಫ್ರಮ್ ಸೋ' ಜೋಂಬಿಯ ಕಥೆಯಲ್ಲ, ದೆವ್ವದ್ದು. ಆದರೂ ಅದೇ ಸೂತ್ರದ್ದು. ಕರಾವಳಿಯ ಹಳ್ಳಿಯ ತರುಣನೊಬ್ಬನು ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುವನು. ಊರವರಾದರೋ ನಿಜವಾಗಿಯೇ ಅಂಜುವರು. ಆ ಅಂಜಿಕೆಯು ಪ್ರಾಮಾಣಿಕವಾದುದರಿಂದಲೇ ನಾವು ನಕ್ಕೆವು. ಪರದೇಶದ ಹೆಣವಾದರೂ ನಮ್ಮೂರ ದೆವ್ವವಾದರೂ ಅದು ಒಂದು ಊರಿನ ಮಣ್ಣಿನ ಮೇಲೆ ನಡೆಯಬೇಕು, ಆ ಊರಿನ ಮಾತನ್ನು ಕೇಳಬೇಕು.

ಇಷ್ಟಾದರೂ ಸಾಲದು, ನಡುವೆ ಎಲ್ಲಿಯೋ ಒಮ್ಮೆ ನಗೆಯು ನಿಲ್ಲಬೇಕು. ಮೇಲೆ ಹೇಳಿದ ಆಂಗ್ಲ ಚಿತ್ರದಲ್ಲಿ ನಾಯಕನ ತಾಯಿಗೆ ಹೆಣವು ಕಚ್ಚಿರುವದು. ಮಗನಿಗೆ ತೊಂದರೆಯಾದೀತೆಂದು ಅವಳು ಅದನ್ನು ಮುಚ್ಚಿಡುವಳು. ಹಾಸಿಗೆ ಹಿಡಿಯುವ ತನಕ ಬೇನೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ತಾಯಂದಿರು ನಮ್ಮಲ್ಲಿ ಯಾವ ಮನೆಯಲ್ಲಿಲ್ಲ? ಆ ಭಾಗವನ್ನು ನೋಡುವಾಗ ಮೊಮ್ಮಕ್ಕಳು ಸುಮ್ಮನಾದರು. ನಮಗೂ ಗಂಟಲು ಕಟ್ಟಿತು. 2021ರ ಬೇಸಿಗೆಯಲ್ಲಿ ಮೂವತ್ತು ವರ್ಷ ಜೊತೆಗೆ ಪಾಠ ಹೇಳಿದ ಗೆಳೆಯರೊಬ್ಬರು ಕೊರೋನಾ ಬೇನೆಯಿಂದ ತೀರಿಕೊಂಡರು. ಮುಖಕ್ಕೆ ಮುಸುಕು ಹಾಕಿದ ಅಪರಿಚಿತರು ಅವರನ್ನು ಒಯ್ದರು. ನಾವು ಹಿಡಿ ಮಣ್ಣು ಹಾಕಲೂ ಹೋಗಲಿಲ್ಲ. ಕೆಮ್ಮಿದವನನ್ನು ಕಂಡು ಅಣ್ಣನು ತಮ್ಮನಿಂದ ದೂರ ಸರಿದ ಕಾಲವದು. ಮುಟ್ಟಿದರೆ ತಾನೂ ಹಾಗೆಯೇ ಆದೇನೆಂಬ ಜೋಂಬಿಯ ಅಂಜಿಕೆಯನ್ನು ನಾವೆಲ್ಲರೂ ಉಂಡಿದ್ದೇವೆ. ಅದೇ ಗೆಳೆಯರು ತರಗತಿಯಲ್ಲಿ ಮಾಡುತ್ತಿದ್ದ ವಿನೋದವನ್ನು ನೆನೆದು ನಾವು ಈಗ ನಗುತ್ತೇವೆ. ಆ ನಗೆಯಲ್ಲಿ ಅವರ ಅವಮಾನವಿಲ್ಲ. ಒಳ್ಳೆಯ ಚಿತ್ರವು ಮಾಡುವದೂ ಇದನ್ನೇ: ಸತ್ತವರ ಗೌರವವನ್ನು ಕಾದು, ಬದುಕಿದವರನ್ನು ನಗಿಸುವದು.

ಕೆಟ್ಟ ಚಿತ್ರಗಳ ದೋಷವನ್ನು ಇದರಿಂದ ತಿಳಿಯುವದು ಸುಲಭ. ಬರಿಯ ರಕ್ತವನ್ನು ಚೆಲ್ಲಿದರೆ ಅಸಹ್ಯವು. ದಪ್ಪನಾದವನನ್ನೋ ತೊದಲುವವನನ್ನೋ ಹಾಸ್ಯಕ್ಕೆ ಗುರಿಮಾಡಿದರೆ ಕ್ರೌರ್ಯವು. ಯಾರು ಸತ್ತರೂ ಯಾರಿಗೂ ಏನೂ ಅನಿಸದಿದ್ದರೆ ಅದು ಗೊಂಬೆಯಾಟಕ್ಕಿಂತ ಕಡೆಯು.

ಗೃಹಸ್ಥರಿಗೆ ನಮ್ಮ ಸೂಚನೆಯಿಷ್ಟು. 2023ರ ಕಾಯಿದೆಯ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಚಿತ್ರಗಳಿಗೆ 7, 13, 16 ವರ್ಷಗಳೆಂಬ ವಯೋಭೇದದ ಗುರುತುಗಳು ಬಂದಿವೆ. ಅದನ್ನು ಮೊದಲು ನೋಡಿರಿ. ತರುವಾಯ ಮಕ್ಕಳನ್ನು ಒಂಟಿಯಾಗಿ ಬಿಡದೆ ಜೊತೆಗೆ ಕುಳಿತುಕೊಳ್ಳಿರಿ. ಅವರು ಎಲ್ಲಿ ನಗುವರು, ಎಲ್ಲಿ ಸುಮ್ಮನಾಗುವರು ಎಂಬದನ್ನು ಲಕ್ಷ್ಯವಿಟ್ಟು ನೋಡಿರಿ. ಸುಮ್ಮನಾಗಬೇಕಾದಲ್ಲಿ ಸುಮ್ಮನಾದ ಮಗುವಿನ ನಗೆಯ ಬಗ್ಗೆ ಹಿರಿಯರು ಚಿಂತಿಸಬೇಕಾದ ಕಾರಣವಿಲ್ಲ.